ಹೀರಾಬಾಯಿ ಉತ್ತರ ಕೊಡಲಿಲ್ಲ

ಇಚಲಕರಂಜಿಯ ನೇಕಾರಿಕೆಯ ಇತಿಹಾಸ ಬರೆಯುವವರು ಒಂದು ಸಂಗತಿಯನ್ನು ಯಾವ ಕಾರಣಕ್ಕೂ ಬಿಡಬಾರದು. ದೀಪಾವಳಿ ಕಳೆದ ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ, ಕಂಪ್ಯೂಟರ್ ಪಟ್ಟಿಯೊಂದರ ನಾಲ್ಕನೆಯ ಅಂಕಣ ತಪ್ಪಾಗಿ ತುಂಬಿದ್ದು ಬೆಳಕಿಗೆ ಬಂತು.

ಅದೇ ಗಳಿಗೆಯಲ್ಲಿ ಮನಾಲಿ ಸಿದ್ಧಲಿಂಗನನ್ನು ಮೊದಲ ಸಲ ನೋಡಿದಳು. ಕತ್ತು ಹಿಸುಕಬೇಕು ಅನ್ನಿಸಿತು!

"ನನ್ನ ಮಷೀನ್ ಎಲ್ಲೈತಿ?"

"ಯಾವುದ್ರಿ?"

"ಬಟ್ಟಿ ತಪ್ಪು ಹುಡುಕೋದು! ಎರಡು ವರ್ಷ ಕುಂತು ಮಾಡೇನಿ ಅದನ್ನ. ಹನ್ನೆರಡಕ್ಕ ಕೊಲ್ಹಾಪುರದ ಗಿರಾಕಿ ನೋಡಾಕ ಬರ್ತಾರ. ಇವತ್ತ ನಡೀಲಿಲ್ಲಂದ್ರ ಕಾಕಾ ಇದನ್ನ ಕಾಯಂ ಬಂದ ಮಾಡಸ್ತಾರ!"

ಕಾಕಾ ಎಂದರೆ ಅವಳ ಚಿಕ್ಕಪ್ಪ ಜಯಪಾಲ, ನಲವತ್ತೆಂಟು ಮಗ್ಗಗಳ ಯಜಮಾನರು. ಪ್ರತಿ ಮಗ್ಗದ ಮೇಲೆ ಒಂದು ಕ್ಯಾಮೆರಾ. ಚಿತ್ರಗಳು ದೂರದೂರಿನ ಬಾಡಿಗೆ ಕಂಪ್ಯೂಟರಿಗೆ ಹೋಗುತ್ತವೆ. ಕ್ಲೌಡ್ ಎಂದು ಕರೆಯುವುದು ಅದನ್ನೇ. ಎಳೆ ಎಲ್ಲಿ ಕಡಿಯಿತೆಂದು ಮನಾಲಿಯ ಪ್ರೋಗ್ರಾಮು ಅಲ್ಲಿ ಕೂತು ಹೇಳುತ್ತದೆ. ಕೆಲಸವಿರಲಿ, ಇಲ್ಲದಿರಲಿ, ಬಾಡಿಗೆ ಮಾತ್ರ ಗಂಟೆಗಂಟೆಗೂ ಓಡುತ್ತದೆ.

ಈ ಬಾಡಿಗೆಗೆ ಕಡಿವಾಣ ಹಾಕಲು ಕಾಕಾ ಕೊಲ್ಹಾಪುರದ ಕಂಪನಿಯಿಂದ ಒಂದು ಸಾಫ್ಟ್‌ವೇರ್ ತರಿಸಿದ್ದರು. ಅದನ್ನು ಗಡಹಿಂಗ್ಲಜದ ತನ್ನ ಮನೆಯಿಂದಲೇ ಜೋಡಿಸಿದವನು ಸಿದ್ಧಲಿಂಗ; ಆ ಸೋಮವಾರ ಮೊದಲ ವರದಿ ಕೊಡಲು ಬಂದಿದ್ದ.

ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನನ್ನು ಆರಿಸುತ್ತ ಓಡಾಡುವ ಹಿರಿಯರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರಲ್ಲ, ಈ ಸಾಫ್ಟ್‌ವೇರಿನ ಸ್ವಭಾವ ಅಂಥದು. ಬಿಲ್ಲನ್ನು ಸಾಲುಸಾಲಾಗಿ ಓದುತ್ತದೆ. ಯಾವ ಬಾಡಿಗೆ ಯಂತ್ರ ಎಷ್ಟು ದುಡಿಯಿತು ಎಂದು ಅಳೆಯುತ್ತದೆ. ಯಾರದೆಂದು ಮಾಲೀಕರ ಅಂಕಣದಲ್ಲಿ ನೋಡುತ್ತದೆ. ಏಳು ದಿನ ಖಾಲಿ ಕೂತರೆ ಮಾಲೀಕರಿಗೆ ನೋಟೀಸು. ಮತ್ತೆ ಏಳು ದಿನ ಉತ್ತರ ಬಾರದಿದ್ದರೆ ಅಳಿಸಿಬಿಡುತ್ತದೆ.

ದೀಪಾವಳಿಗೆ ಕೆಲಸಗಾರರು ಊರಿಗೆ ಹೋಗಿ ಮಗ್ಗಗಳು ಎರಡು ವಾರ ನಿಂತಿದ್ದವು. ಯಂತ್ರಕ್ಕೆ ನೋಡಲು ಬಟ್ಟೆಯೇ ಇರಲಿಲ್ಲ.

ಇನ್ನು ಆ ನಾಲ್ಕನೆಯ ಅಂಕಣ, ಅಂದರೆ ಮಾಲೀಕರದು. ಮನೆಯ ಮೊದಲ ಮಗ್ಗದ ಮೇಲೆ ಹಿರಿಯ ಹೆಂಗಸಿನ ಹೆಸರು ಬರೆಸುವುದು ಈ ಮನೆತನದ ಪದ್ಧತಿ. ಮನಾಲಿಯೂ ತನ್ನ ಮೊದಲ ಯಂತ್ರದ ಮಾಲೀಕರ ಅಂಕಣದಲ್ಲಿ ಭಕ್ತಿಯಿಂದ ಅಜ್ಜಿಯ ಹೆಸರು ಬರೆದಿದ್ದಳು.

ನೋಟೀಸು ಹೀರಾಬಾಯಿಗೆ ಹೋಯಿತು. ಹೀರಾಬಾಯಿ ತೀರಿಕೊಂಡು ಒಂಬತ್ತು ವರ್ಷ.

"ನಾ ಶನಿವಾರ ಇಲ್ಲಿಗೆ ಬಂದಿದ್ದೆರೀ," ಸಿದ್ಧಲಿಂಗ ತಡವರಿಸಿದ. "ಕಾವಲಿನ ತಾನಾಜಿನ್ನ ಕೇಳಿದೆ. ಹೀರಾಬಾಯಿ ಇಲ್ಲ ಅಂದಾ. ಅದಕ್ಕ..."

"ಅದಕ್ಕ ಅಳಿಸಿದ್ರಿ! ಸತ್ತವರ ಹೆಸರು ಇಟ್ಟವರು ಯಾರರ ಜೀವಂತ ಇರಬಹುದು ಅಂತ ಹೊಳೀಲಿಲ್ಲ?"

ಅವಳ ಕಣ್ಣು ತುಂಬಿದವು. ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಟೇಹೋದಳು.

'ಎಂಥಾ ಕಲ್ಲು ಮನಷ್ಯಾ...!'

ಕಲ್ಲು ಮನುಷ್ಯ ಕಂಪ್ಯೂಟರಿನ ಮುಂದೆ ಎರಡು ಗಂಟೆಗೂ ಹೆಚ್ಚು ಕೂತ. ಹನ್ನೊಂದೂವರೆಗೆ ಪರದೆ ಬೆಳಗಿತು. ಹದಿನೇಳನೆಯ ಮಗ್ಗ, ಕಡಿದ ಎಳೆ ಒಂದು! ಕೊಲ್ಹಾಪುರದ ಗಿರಾಕಿ ಬಂದು ನೋಡಿ ಎರಡನೆಯ ಚಹಾ ಕೇಳಿದರು. ಅವರ ಮಟ್ಟಿಗೆ ಅದೇ ಮೆಚ್ಚುಗೆ.

ಮನಾಲಿ ಮೆಲ್ಲಗೆ ಬಂದು ನಿಂತಳು.

"ಅಳಿಸಿದ್ದು ಹೆಂಗ ಬಂತು?"

"ನಕಲು ಇಟ್ಟಿದ್ದೆ."

"ಇಡು ಅಂತ ಸಾಫ್ಟ್‌ವೇರ್ ಹೇಳಿತ್ತೇನು?"

"ಇಲ್ರಿ. ತಾನಾಜಿ ಹೇಳಿದಾ, ಆ ಅಜ್ಜಿ ತನ್ನ ಕೇಳದ ಒಂದು ಮಗ್ಗಾನೂ ನಿಲ್ಲಿಸಾಕ ಬಿಡ್ತಿರಲಿಲ್ಲಂತ. ನನಗ ಹೆದರಿಕಿ ಆತು."

ಅವಳಿಗೆ ನಗು ಬಂತು. ಬರಬಾರದಾಗಿತ್ತು... ಬಂತು.

ಅಲ್ಲಿಂದ ಅವನು ಪ್ರತಿ ಸೋಮವಾರ ವರದಿ ಹಿಡಿದು ಬರತೊಡಗಿದ. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೊಂದು ಬಸ್ಸು, ಅಲ್ಲಿಂದ ಇಚಲಕರಂಜಿಗೆ ಇನ್ನೊಂದು.

"ನಮ್ಮವ್ವನ್ನ ಕೆಲಸದಿಂದ ತಗದಾವ ಬಂದಾನ, ಚಹಾ ತರ್ರಿ!" ಎಂದು ಕಾಕಾ ಪ್ರತಿ ಸಲ ಕೂಗುತ್ತಿದ್ದರು.

ಏಳನೆಯ ಸೋಮವಾರ ಮನಾಲಿ ಕೇಳಿಯೇಬಿಟ್ಟಳು.

"ವರದಿ ತಾನ ಮೇಲ್‌ನ್ಯಾಗ ಬರತೈತಿ. ನೀವ್ಯಾಕ ಬರ್ತೀರಿ?"

ಅವನು ಲೋಟ ಕೆಳಗಿಟ್ಟ.

"ಲೆಕ್ಕದ ಪ್ರಕಾರ ಇದು ದಂಡದ ಖರ್ಚರೀ. ಮಾಲಕರು ಬ್ಯಾಡ ಅಂದ್ರ ನಿಲ್ಲಸ್ತೇನಿ."

"ಮಾಲಕರು ಯಾರು?"

"...ನೀವ."

ಮಗ್ಗದ ಶೆಡ್ಡಿನ ಸದ್ದಿನಲ್ಲೂ ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. 'ಏಳು ದಿನ ಕಾಯಿಸಲೇನು?' ಅನ್ನಿಸಿತು. ಉತ್ತರ ಕೊಡದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ನೋಟೀಸು ಮುಟ್ಟೇತಿ," ಎಂದಳು. "ನಿಲ್ಲಸಬ್ಯಾಡ್ರಿ."

ಸ್ವಲ್ಪ ತಡೆದು, "ನಾವು ಜೈನರು, ನಮ್ಮ ಮನ್ಯಾಗ ಅಡಗಿಗೆ ಉಳ್ಳಾಗಡ್ಡಿ ಹಾಕಂಗಿಲ್ಲ, ಮೊದಲ ಹೇಳೇನಿ."

"ಅಷ್ಟು ಖರ್ಚು ಕಡಿಮಿ ಆತು ಬಿಡ್ರಿ."

ಮದುವೆ ಫೆಬ್ರವರಿಯಲ್ಲಿ ಗಡಹಿಂಗ್ಲಜದಲ್ಲಿ ಆಯಿತು. ಹೀರಾಬಾಯಿ ಈಗ ಯಂತ್ರದ ಹೆಸರು. ಮಾಲೀಕರ ಅಂಕಣದಲ್ಲಿ ಮನಾಲಿ ಎಂದಿದೆ.