ಹಸಿರಿದ್ದರೆ ಹಾನಿಯಿಲ್ಲ

೨೦೫೬ರ ಹಸ್ತ ಮಳೆಗೆ ಮಲಪ್ರಭೆ ಉಕ್ಕಿದಾಗ ‘ಬೆಳೆಗಣ್ಣು’ ಉಪಗ್ರಹ ಮೇಲಿನಿಂದ ಒಂದೊಂದೇ ಹೊಲವನ್ನು ಅಳೆಯುತ್ತಿತ್ತು. ಅದರ ರೇಡಾರ್‌ಗೆ ಮೋಡ ಅಡ್ಡಿಯಲ್ಲ, ಮೋಡ ಸರಿದ ಮೇಲೆ ಅದರ ಕ್ಯಾಮೆರಾ ಎಲೆಗಳನ್ನು ನೋಡುತ್ತಿತ್ತು. ಜೀವಂತ ಎಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ, ಕೊಳೆತದ್ದು ಕಡಿಮೆ. ಅಷ್ಟರಿಂದಲೇ ಅದು ಯಾರಿಗೆ ಪರಿಹಾರ, ಯಾರಿಗಿಲ್ಲ ಎಂದು ತೀರ್ಪು ಕೊಡುತ್ತಿತ್ತು. ಹಾನಿ ಬರೆದುಕೊಳ್ಳಲು ಹೊಲಕ್ಕೆ ಬರುತ್ತಿದ್ದ ತಲಾಟಿಯ ಕೈ ಬೆಚ್ಚಗೆ ಮಾಡುವುದು ತಪ್ಪಿತೆಂದು ಜನ ಮೊದಮೊದಲು ಖುಷಿಪಟ್ಟಿದ್ದರು.

ಹೊಳೆದಂಡೆಯ ಫಕೀರವ್ವನ ಉಳ್ಳಾಗಡ್ಡಿ ಹೊಲದಲ್ಲೇ ಕೊಳೆತು ಊರೆಲ್ಲ ನಾರಿತು. ಬೆಳೆಗಣ್ಣು ‘ಹಾನಿ ಇಲ್ಲ’ ಎಂದಿತು. ಅವಳು ದೂರಿನ ಮೇಲೆ ದೂರು ಕೊಟ್ಟಾಗ ಉಪಗ್ರಹವನ್ನು ರೂಪಿಸಿದ ವಿಜ್ಞಾನಿ ಮೈತ್ರೇಯಿ ತಾನೇ ಬಂದಳು. ನೀರಲ್ಲಿ ನಿಂತ ಬೆಳೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ, ಅದಕ್ಕೇ ನೆರೆ ಇಳಿದು ತಿಂಗಳಾದ ಮೇಲಿನ ಚಿತ್ರವೇ ಅಂತಿಮ, ಅದರಲ್ಲಿ ನಿಮ್ಮ ಹೊಲ ಹಸಿರಾಗಿದೆ ಎಂದು ವಿವರಿಸಿದಳು.

“ಅದು ಕಡ್ಲಿರೀ,” ಎಂದಳು ಫಕೀರವ್ವ. “ಕೊಳತದ್ದ ಹರಗಿ ಬಿತ್ತೀನಿ. ಹದ ಬಂದಾಗ ಹರಗಬೇಕು, ಬೆದಿ ಬಂದಾಗ ಬಿತ್ತಬೇಕು. ಎರಿ ಹೊಲದ ಹಸಿ ನಿಮ್ಮ ಚಿತ್ರಕ್ಕ ಕಾಯ್ಕೊಂತ ಕುಂದ್ರತೈತೇನು?”

ಕಡಲೆ ಕೈಗೆ ಬರುವುದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಅವಳ ಒಲೆ ಉರಿಯಬೇಕು. ಕೊಳೆತದ್ದನ್ನು ಮುಟ್ಟದೆ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಹೊಲದವನಿಗೆ ದೀಪಾವಳಿಗೇ ಪರಿಹಾರ ಸಿಕ್ಕಿತ್ತು. ಮೈತ್ರೇಯಿಗೆ ಮೈಯೆಲ್ಲ ಉರಿಯಿತು, ಮೊದಲು ತನ್ನ ಮೇಲೆ.

ನೆರೆಯ ದಿನದ ಚಿತ್ರವೂ ಉಪಗ್ರಹದಲ್ಲಿದೆ, ಅದನ್ನೂ ಎಣಿಕೆಗೆ ತನ್ನಿ ಎಂದು ಅವಳು ಇಲಾಖೆಯಲ್ಲಿ ಜಗಳವಾಡಿದಳು. ಯಂತ್ರ ಲಂಚ ತಿನ್ನುವುದಿಲ್ಲ, ಅದರ ತೀರ್ಪಿಗೆ ಮೇಲ್ಮನವಿ ಯಾಕೆ ಎಂದ ಕಾರ್ಯದರ್ಶಿ. ಲಂಚ ತಿನ್ನದ್ದೆಲ್ಲ ನ್ಯಾಯ ಹೇಳುವುದಾದರೆ ಬಂಡೆಗಲ್ಲನ್ನೇ ನ್ಯಾಯಾಧೀಶ ಮಾಡಬಹುದಿತ್ತು. ಹೊಲಕ್ಕೆ ಹೋಗಿ ನೋಡುವವನ ಹುದ್ದೆಯಂತೂ ಎಂದೋ ರದ್ದಾಗಿತ್ತು. ಎಂದೋ ಎಂದರೆ ನಮ್ಮ ಕಾಲದಲ್ಲೇ, ನಾವೆಲ್ಲ ಒಳ್ಳೆಯದಾಯಿತೆಂದು ತಲೆಯಾಡಿಸಿದಾಗ.

ಮುಂದಿನ ವರ್ಷವೂ ನೆರೆ ಬಂತು. ನೀರು ಇಳಿಯಿತು, ಹದ ಬಂತು, ಹೋಯಿತು. ಯಾರೂ ಬಿತ್ತಲಿಲ್ಲ. ಬೆಳೆಗಣ್ಣು ಎಲ್ಲರಿಗೂ ಪೂರ್ಣ ಹಾನಿ ಎಂದಿತು. ಒಂದೂ ದೂರು ಬರಲಿಲ್ಲವೆಂದು ಇಲಾಖೆ ಬೀಗಿತು. ಆ ಅಂತಿಮ ಚಿತ್ರಕ್ಕೆ ಎರಡು ದಿನ ಮುಂಚೆ ಮೈತ್ರೇಯಿ ಓಡಿ ಬಂದಿದ್ದಾಗ ಫಕೀರವ್ವ ಹೊಲದಲ್ಲಿ ಬಗ್ಗಿ, ತಾನಾಗಿ ಮೊಳೆತ ಹುಲ್ಲನ್ನೂ ಬಿಡದೆ ಕಿತ್ತೆಸೆಯುತ್ತಿದ್ದಳು.

“ಬದುಕಿದ ಹೊಲಕ್ಕ ಏನೂ ಇಲ್ಲಂದ್ರಿ,” ಎಂದಳು ತಲೆ ಎತ್ತದೆ. “ಅದಕ್ಕ ಸಾಯಿಸಿ ಇಟ್ಟೀವಿ.”