ಬೋರ್ಡಿನ ಮೇಲಿನ ಅನ್ವಿತಾ

ಅನ್ವಿತಾ ಯಾರು?

ಬೋರ್ಡ್ ನೋಡಿದ್ದೇ ತಡ, ಸುಮನಾಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ ಹೆಂಗಸರಿಗೆ ಕಡೂರಿನಲ್ಲಿ ನಡೆಯುವ ಭಾನುವಾರದ ಪಾಠ ಅದು. ಅವಳು ಕಲಿಸುವುದು ವಿಜ್ಞಾನ, ಅಜ್ಜಂಪುರದಿಂದ ಬರುವ ರಾಜಶೇಖರನದು ಗಣಿತ. ಅವನ ಲೆಕ್ಕಗಳಲ್ಲಿ ನಿಂಬೆಹಣ್ಣು ಕೊಳ್ಳುವವಳು ಸುಮನಾ, ಯಗಟಿ ಬಸ್ಸು ಹತ್ತುವವಳು ಸುಮನಾ, ತೊಟ್ಟಿ ತುಂಬಿಸುವವಳೂ ಸುಮನಾ. ಬಾಯಿಬಿಟ್ಟು ಒಂದು ಮಾತು ಹೇಳಿದವನಲ್ಲ. ಬರೆದು ಮುಗಿಸಿ, ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಓರೆಗಣ್ಣಲ್ಲಿ ಅವಳತ್ತ ನೋಡುತ್ತಿದ್ದ, ಅಷ್ಟೆ. ಆ ನೋಟ ಅವಳಿಗೆ ವಾರವಿಡೀ ಸಾಕಾಗುತ್ತಿತ್ತು. ಅದನ್ನೇ ನಂಬಿಕೊಂಡು, ಮೊನ್ನೆ ತರೀಕೆರೆಯಿಂದ ನೋಡಲು ಬಂದ ಗಂಡನ್ನು ಬೇಡವೆಂದಿದ್ದಳು.

ಈಗ ನೋಡಿದರೆ: ‘ಅನ್ವಿತಾಳ ವಯಸ್ಸು ಎಕ್ಸ್. ಅವಳ ತಾಯಿಯದು ಅದರ ಹತ್ತರಷ್ಟು. ಇಬ್ಬರದೂ ಸೇರಿ ಮೂವತ್ತಮೂರು.’

ಲೆಕ್ಕ ಯಾರಿಗೆ ಬೇಕಿತ್ತು? ಎಷ್ಟು ದುಂಡಗೆ ಬರೆದಿದ್ದಾನೆ ಆ ಹೆಸರನ್ನು! ತನ್ನ ಹೆಸರು ಬರೆಯುವಾಗ ಈ ಮುತುವರ್ಜಿ ಎಲ್ಲಿತ್ತು?

“ಹೆಸರು ಚೆನ್ನಾಗಿದೆ,” ಎಂದಳು.

“ಹುಡುಗೀನೂ ಹಾಗೇ ಇದಾಳೆ. ನೋಡ್ತಾನೇ ಇರೋಣ ಅನ್ಸುತ್ತೆ,” ಎಂದು ಪುಣ್ಯಾತ್ಮ ನಗುತ್ತಾ ಸೀಮೆಸುಣ್ಣ ತರಲು ಹೊರಗೆ ಹೋದ.

ಸುಮನಾ ಸುತ್ತ ನೋಡಲಿಲ್ಲ. ಆ ಹೆಸರನ್ನು ಅಂಗೈಯಲ್ಲೇ ಅಳಿಸಿ, ಅಲ್ಲೇ ಬಿದ್ದಿದ್ದ ಸೀಮೆಸುಣ್ಣದ ಚೂರಿನಲ್ಲಿ ತನ್ನ ಹೆಸರು ಬರೆದು ಮೂಲೆಗೆ ಹೋಗಿ ಕೂತಳು.

ಪಾಠ ಶುರುವಾಯಿತು. ಯಗಟಿಯ ತೀರ್ಥಮ್ಮ, ಎರಡು ಮಕ್ಕಳ ತಾಯಿ, ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

“ಹನ್ನೊಂದು ಎಕ್ಸ್ ಅಂದ್ರೆ ಮೂವತ್ತಮೂರು. ಎಕ್ಸ್ ಮೂರು ಸಾರ್. ಅಲ್ಲ ಮಿಸ್, ನಿಮ್ಗೆ ಮೂರೇ ವರ್ಷನಾ?”

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ರಾಜಶೇಖರ್ ಬೋರ್ಡ್ ನೋಡಿದ, ಅವಳ ಅಂಗೈಗೆ ಮೆತ್ತಿದ್ದ ಸುಣ್ಣ ನೋಡಿದ. ಮೂಲೆಗೆ ಬಂದು ಮೆಲ್ಲಗೆ ಹೇಳಿದ:

“ಅನ್ವಿತಾ ನಮ್ಮಕ್ಕನ ಮಗಳು ಕಣ್ರೀ.”

ಮೂರು ವರ್ಷದ ಕೂಸಿನ ಮೇಲೆ ಹೊಟ್ಟೆಕಿಚ್ಚು! ಸುಮನಾಳಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಆದರೂ ಕೋಪ ಪೂರ್ತಿ ಇಳಿದಿರಲಿಲ್ಲ.

“ನನ್ನ ಹೆಸರು ಯಾಕೆ ಬಿಟ್ರಿ?”

“ತರೀಕೆರೆಯೋರು ನಿಮ್ಮನ್ನ ನೋಡ್ಕೊಂಡು ಹೋದ್ರು ಅಂತ ತೀರ್ಥಮ್ಮೋರು ಹೇಳಿದ್ರು. ಹೊಟ್ಟೆ ಉರಿದುಹೋಯ್ತು. ಇನ್ನೊಬ್ರ ಮನೆ ಸೇರೋರ ಹೆಸರು ಬರೆಯೋಕೆ ಕೈ ಬರ್ಲಿಲ್ಲ.”

“ನಾನು ಬೇಡ ಅಂದಿದ್ದನ್ನ ಹೇಳ್ಲಿಲ್ವಾ ಅವರು?”

“ಬೇಡ ಅಂದ್ರಾ? ಯಾಕೆ?”

“ಯಾಕೆ ಅಂತ ನನ್ನನ್ನ ಕೇಳ್ತೀರಾ? ಎರಡು ವರ್ಷದಿಂದ ನನ್ನ ಕೈಲಿ ನಿಂಬೆಹಣ್ಣು ಕೊಳ್ಳಿಸಿದ್ದು ಯಾರು?”

ಅವನ ಮುಖ ಕೆಂಪಾಯಿತು. “ನಾಳೆ ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?”

“ಮೊದ್ಲು ಹೋಗಿ ಹೆಸರು ಬರೀರಿ.”

ಬೋರ್ಡ್ ಪೂರ್ತಿ ಒರೆಸಿದ. ಇಷ್ಟು ದಿನ ಅವನ ಲೆಕ್ಕಗಳಲ್ಲಿ ಸುಮನಾ ಒಬ್ಬಳೇ ಇರುತ್ತಿದ್ದಳು. ಇವತ್ತು ‘ಸುಮನಾ, ರಾಜಶೇಖರ್ ಇಬ್ಬರೂ ಸೇರಿ’ ಎಂದು ಬರೆದವನ ಕೈ ಅಲ್ಲೇ ನಿಂತಿತು. ಮುಂದೆ ಯಾವ ಸಂಖ್ಯೆಯೂ ಹೊಳೆಯಲಿಲ್ಲ.

“ಅಷ್ಟು ಸಾಕು ಬಿಡಿ ಸಾರ್,” ಎಂದಳು ತೀರ್ಥಮ್ಮ. “ಉತ್ತರ ನಮಗೆಲ್ಲ ಯಾವಾಗ್ಲೋ ಗೊತ್ತು.”