ಮಷೀನಿನ ಕಾಲಡಿ ನಿಂಬೆಹಣ್ಣು

2025ರ ಅಕ್ಟೋಬರ್ 3, ಶುಕ್ರವಾರ, ಬೆಳಿಗ್ಗೆ 10.20. ವರ್ಕ್‌ಶಾಪ್ ಮಾಲೀಕ ಚನ್ನೇಶ ಶಿಗ್ಗಾಂವಿ ಠಾಣೆಗೆ ದೂರು ತಂದ. ದಸರೆ ಮುಗಿಸಿ ಬಾಗಿಲು ತೆರೆದರೆ ಲೋಹದ ಬಿಡಿಭಾಗ ಕೊರೆಯುವ ಜಪಾನಿನ ಮಷೀನು ಸತ್ತಂತೆ ನಿಂತಿದೆ, ಪರದೆಯ ಮೇಲೆ ಕೆಂಪು ಬೀಗದ ಚಿತ್ರ, ಅದರಡಿ ನಿನ್ನೆಯ ತಾರೀಕು. ತೆರೆಯುವ ಕೋಡ್ ಜಪಾನಿನಿಂದಲೇ ಬರಬೇಕು.

“ಯಾರ ಮ್ಯಾಲೆ ಸಂಶೆ?” ಪಿಎಸ್‌ಐ ಶೀಲಾ ಕೇಳಿದಳು.

“ಯಾರ ಮ್ಯಾಲೂ ಇಲ್ರಿ.”

ಯಾರ ಮೇಲೂ ಅನುಮಾನವಿಲ್ಲದ ದೂರುದಾರನೆಂದರೆ ಶೀಲಾಗೆ ಮೊದಲಿಂದಲೂ ಆಗದು. ಎಫ್‌ಐಆರ್ ದಾಖಲಿಸಿ, ತರಿಸಿದ ಚಹಾ ಕುಡಿಯದೆಯೇ ಹಿರಿಯ ಪೇದೆ ಗೋಣೆಪ್ಪನೊಡನೆ ಹೊರಟಳು.

11.45ಕ್ಕೆ ಪಂಚನಾಮೆ. ಆಯುಧಪೂಜೆಯ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಬಾಗಿಲ ಬೀಗ ಮುರಿದಿರಲಿಲ್ಲ. ಮಷೀನಿನ ಒಂದು ಮೂಲೆ ಮಾತ್ರ ತನ್ನ ಗುರುತಿನಿಂದ ಎರಡು ಬೆರಳು ಸರಿದಿತ್ತು. ಜಾಗ ಬಿಟ್ಟರೆ ತಾನೇ ಬೀಗ ಹಾಕಿಕೊಳ್ಳುವ ಯಂತ್ರವದು. ಅದರಲ್ಲಿ ಪಂಪಿನ ಭಾಗವೂ ಆಗುತ್ತದೆ, ಕ್ಷಿಪಣಿಯ ಭಾಗವೂ ಆಗುತ್ತದೆ. ಹಾಗಾಗಿ ಮಾರಿದ ದೇಶದ ಅನುಮತಿಯಿಲ್ಲದೆ ಪಕ್ಕದ ಕೋಣೆಗೂ ಒಯ್ಯುವಂತಿಲ್ಲ.

ಗೋಣೆಪ್ಪ ನೆಲಕ್ಕೆ ಕೆನ್ನೆ ಹಚ್ಚಿ ಇಣುಕಿದ. “ಮೇಡಂ, ಕಾಲಾಗ ಲಿಂಬಿಹಣ್ಣು ಐತ್ರಿ. ಅಪ್ಪಚ್ಚಿ ಆಗೇತಿ.”

“ಪೂಜಿಗೆ ಇಟ್ಟಿರ್ತಾರ.”

“ಮಷೀನಿಗೆ ಮ್ಯಾಲೆ ಇಡ್ತಾರ್ರಿ. ಕೆಳಗ ಇಡೂದು ಗಾಡಿ ಗಾಲಿಗೆ ಅಷ್ಟ.”

ನೆಲದ ನಾಲ್ಕೂ ಬೋಲ್ಟುಗಳನ್ನು ಬಿಚ್ಚಿ, ಎಣ್ಣೆ ಹಚ್ಚಿ, ಡಬ್ಬಿಯಲ್ಲಿ ಜೋಡಿಸಿಡಲಾಗಿತ್ತು. ಹೊರಗಿನ ಕಳ್ಳನಿಗೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು?

“ಬೋಲ್ಟ್ ಬಿಚ್ಚಿದ್ಯಾರು?”

ಚನ್ನೇಶ ಬೆವರು ಒರೆಸಿಕೊಂಡ. “ನಾನ ರೀ. ಮಷೀನು ಮಾರೇನಿ. ನಾಳೆ ಟ್ರೇಲರ್ ಬರೂದೈತಿ. ಬೀಗ ಬೀಳದಂಗ ಮಾಡೋ ಮನಿಶ್ಯಾನ್ನೂ ಕರಕೊಂಡ ಬರ್ತೇವಿ ಅಂತ ತಗೊಂಡವರ ಅಂದಿದ್ರು.”

“ಎಲ್ಲಿಗೆ ಹೊಂಟಿತ್ತು?”

“ದುಬೈಗೆ.”

“ಅಲ್ಲಿಂದ?”

“ನಾ ಕೇಳಲಿಲ್ರಿ.”

ಶೀಲಾಗೆ ಸಿಟ್ಟು ನೆತ್ತಿಗೇರಿತು. ಕೇಳದಿದ್ದುದಕ್ಕೇ ಇವನಿಗೆ ಒಳ್ಳೆಯ ಬೆಲೆ ಸಿಕ್ಕಿರಬೇಕು.

ಬಾಗಿಲ ಕೀಲಿಯೂ ಇದ್ದು, ಮಷೀನಿನ ಬೀಗದ ಗುಟ್ಟೂ ಬಲ್ಲವರು ಇಬ್ಬರೇ: ಚನ್ನೇಶ, ಮತ್ತು ಮಷೀನು ನಡೆಸುವ ಸವಣೂರಿನ ಸಮತಾ. ನಿನ್ನೆ ಇಡೀ ದಿನ ಚನ್ನೇಶ ಹಾನಗಲ್ಲಿನ ಅಕ್ಕನ ಮನೆಯಲ್ಲಿ ಬನ್ನಿ ಕೊಡುತ್ತಿದ್ದನೆಂದು ಗೋಣೆಪ್ಪ ಫೋನಿನಲ್ಲಿ ಖಾತ್ರಿ ಮಾಡಿಕೊಂಡ.

3.10ಕ್ಕೆ ಸವಣೂರು. ಸಮತಾಳ ಅಂಗಳದಲ್ಲಿ ಅಪ್ಪ ಮಂಜಪ್ಪನ ಟೆಂಪೊ, ಅದರ ಗಾಲಿಯಡಿ ಚಪ್ಪಟೆಯಾದ ನಿಂಬೆಹಣ್ಣು.

“ಮಷೀನು ಎತ್ತಿದ ಜ್ಯಾಕ್ ಎಲ್ಲೈತಿ?” ಶೀಲಾ ಕೇಳಿದಳು.

ಸಮತಾ ಟೆಂಪೊ ಕಡೆ ಕೈ ತೋರಿಸಿದಳು. ಸುಳ್ಳು ಹೇಳಲು ಯತ್ನಿಸಲೇ ಇಲ್ಲ.

“ಲಿಂಬಿಹಣ್ಣು ಯಾಕ ಇಟ್ಟಿ?”

“ಪೂಜಿ ಎತ್ತೂಕಿಂತ ಮೊದಲ ಸರಸಾಕತ್ತಿದ್ದೆ. ಮೂರು ವರ್ಷ ಅನ್ನ ಹಾಕೇತ್ರಿ. ಹಂಗ ಹೆಂಗ ಸರಸ್ಲಿ?”

“ಮಾರಬ್ಯಾಡ್ರಿ ಅಂತ ಮಾಲಕಗ ಹೇಳಬೇಕಿತ್ತು.”

“ಹೇಳೇನ್ರಿ. ‘ನಿಮ್ಮಪ್ಪಂದೇನ ಮಷೀನು?’ ಅಂದ್ರು. ಅದು ಹ್ವಾದ್ರ ಒಂಬತ್ತು ಮಂದಿ ಮನಿಗೆ ಹೋಗ್ತೇವ್ರಿ. ನಾ ಕಲತಿದ್ದೂ ಅದರ ಕೂಡನ ಹೋಗ್ತದ. ಜಪಾನದವ್ರು ಬೀಗ ತಮ್ಮ ಸಲುವಾಗಿ ಇಟ್ಟಾರ. ನಾ ನಮ್ಮ ಸಲುವಾಗಿ ಬೀಳಿಸಿದೆ.”

4.40ಕ್ಕೆ, ಹೆಣ್ಣುಮಗಳಾದ್ದರಿಂದ ಸೂರ್ಯಾಸ್ತಕ್ಕೆ ಮೊದಲೇ, ಸೊತ್ತಿಗೆ ಹಾನಿ ಮಾಡಿದ್ದಕ್ಕೆ ಬಿಎನ್‌ಎಸ್ ಕಲಂ 324ರಡಿ ಸಮತಾಳ ಬಂಧನ. ಕದ್ದುಮುಚ್ಚಿ ನಡೆದ ಮಾರಾಟದ ಬಗ್ಗೆ ಕಸ್ಟಮ್ಸ್‌ಗೆ ಬೇರೆ ವರದಿ. ಆ ಕಚೇರಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಟ್ರೇಲರ್ ಆಗಲೇ ಹೊರಟಿರಬಹುದು. ಶೀಲಾ ಠಾಣೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದಳು, ಕೂರಲಾಗಲಿಲ್ಲ.

6.05ಕ್ಕೆ ಚನ್ನೇಶ ಮೊಬೈಲ್ ಹಿಡಿದು ಓಡಿಬಂದ. ಕೋಡ್ ಕೇಳಿ ಬೆಳಿಗ್ಗೆ ಬರೆದಿದ್ದಕ್ಕೆ ಜಪಾನಿನ ಕಂಪನಿಯ ಉತ್ತರ ಬಂದಿತ್ತು: ಮಷೀನು ಅದೇ ಜಾಗದಲ್ಲಿ ಉಳಿಯುತ್ತದೆಂದು ನೋಂದಾಯಿತ ಆಪರೇಟರ್ ಸಹಿ ಮಾಡಿದರೆ ಮಾತ್ರ ಕೋಡ್. ಆಪರೇಟರ್ ಹೆಸರು, ಸಮತಾ ಮಂಜಪ್ಪ.

“ಸೈ ಮಾಡವಾ, ತಂಗಿ.”

“ಎಲ್ಲಿಗೂ ಒಯ್ಯೂದಿಲ್ಲ ಅಂತ ನೀವು ಮೊದಲ ಬರದುಕೊಡ್ರಿ. ಮೇಡಂ ಮುಂದ.”

ಚನ್ನೇಶ ಶೀಲಾಳ ಮುಖ ನೋಡಿದ. ಅವಳು ಬಿಳಿ ಹಾಳೆಯೊಂದನ್ನು ಅವನ ಮುಂದೆ ಸರಿಸಿದಳು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವುದಿತ್ತು. ದ್ವೇಷ ಎನ್ನಲು ಶೀಲಾಗೆ ಮನಸ್ಸಾಗಲಿಲ್ಲ, ಲಾಭ ಎನ್ನಲೂ ಆಗಲಿಲ್ಲ. “ಕಲಿತ ಕೆಲಸ ಊರು ಬಿಡದಿರಲೆಂದು” ಎಂದು ಬರೆದು, ಚನ್ನೇಶನ ಪೆನ್ನು ಓಡುವುದನ್ನು ನಿಂತೇ ಕಾದಳು.